ಕೂನೂರು ಬಸ್ಸಿನ ಗಿರಿಜಾ ಮಿಸ್

ಗಿರಿಜಾ ಮಿಸ್ ಅವರ ಬಲಗೈಯ ಉಣ್ಣೆ ಗವಸಿಗೆ ಮೂರು ಬೆರಳುಗಳಿರಲಿಲ್ಲ. ಸೀಮೆಸುಣ್ಣ ಹಿಡಿಯಲು ಅಡ್ಡವಾಗುತ್ತದೆಂದು ಅವರೇ ಕತ್ತರಿಸಿ, ಅಂಚು ಬಿಚ್ಚಿಕೊಳ್ಳದಂತೆ ಹೊಲಿದುಕೊಂಡಿದ್ದರು. ಸೀರೆಯ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ಶಾಲು, ತಲೆಗೆ ಕಿವಿ ಮುಚ್ಚುವ ಟೋಪಿ. ಕೂನೂರಿನಲ್ಲೇ ಹುಟ್ಟಿ, ಕೂನೂರಿನಲ್ಲೇ ಬೆಳೆದಿದ್ದರೂ ನೀಲಗಿರಿಯ ಚಳಿ ಅವರಿಗೆ ಒಗ್ಗಿರಲಿಲ್ಲ. ಕೆಳಗಿನಿಂದ ಬಂದ ಟೂರಿಸ್ಟುಗಳು ತೋಳಿಲ್ಲದ ಅಂಗಿ ಹಾಕಿಕೊಂಡು ಐಸ್‌ಕ್ರೀಂ ತಿನ್ನುವ ಏಪ್ರಿಲ್ ತಿಂಗಳಲ್ಲೂ ಮಿಸ್ ಇದೇ ವೇಷದಲ್ಲಿರುತ್ತಿದ್ದರು.

ಊಟಿಯ ಕಾಲೇಜಿನಲ್ಲಿ ನನ್ನ ಮೊದಲ ದಿನ, ಕ್ಲಾಸಿನ ಬಾಗಿಲಲ್ಲಿ ಈ ವೇಷವನ್ನು ನೋಡಿ, ಯಾರೋ ಹುಡುಗನ ಅಜ್ಜಿ ಊಟದ ಡಬ್ಬಿ ಕೊಡಲು ಬಂದಿದ್ದಾರೆಂದು ತಿಳಿದೆ. ಹಿರಿಯರಿಗೆ ಸಹಾಯ ಮಾಡುವುದು ನಮ್ಮ ಮನೆಯ ಸಂಸ್ಕಾರವಾದ್ದರಿಂದ ಎದ್ದು ಹೋಗಿ, ಯಾರನ್ನು ಕರೆಯಬೇಕು ಎಂದು ಕೇಳಿದೆ.

"ಎಲ್ಲರನ್ನೂ ಕರಿ. ಕ್ಲಾಸು ಶುರು ಮಾಡಬೇಕು" ಎಂದರು.

ನಾನು ಬಿ.ಎಸ್ಸಿ. ಕೆಮಿಸ್ಟ್ರಿ ಸೇರಿದ್ದು ಹೀಗೆ.

ಆಗ ನನಗೆ ನನ್ನ ಬಗ್ಗೆ ಇದ್ದ ಅಭಿಪ್ರಾಯವನ್ನೂ ಇಲ್ಲಿ ಹೇಳಬೇಕು. ನಮ್ಮದು ಕೂನೂರಿನ ಹತ್ತಿರದ ಹುಬ್ಬತಲೈ. ಅಪ್ಪನಿಗೆ ಸ್ವಲ್ಪ ಟೀ ತೋಟ. ಹನ್ನೆರಡನೆಯ ತರಗತಿಯಲ್ಲಿ ನಮ್ಮ ಹಟ್ಟಿಗೇ ಹೆಚ್ಚು ಮಾರ್ಕು ನನಗೆ ಬಂದಿತ್ತು. ಎಲೆ ತೂಗುವ ಶೆಡ್ಡಿನಲ್ಲಿ ಅಪ್ಪ ಈ ವಿಷಯವನ್ನು ಸಾಲಿನಲ್ಲಿ ನಿಂತ ಎಲ್ಲರಿಗೂ ಹೇಳಿ, ಹೇಳಿದವರಿಗೇ ಮತ್ತೆ ಹೇಳಿ, ಕೊನೆಗೆ ತೂಗುವವನು "ಸರಿಯಣ್ಣಾ, ಮೂಟೆ ಇಡು" ಎನ್ನಬೇಕಾಯಿತು. ಹೆತ್ತೆಯಂತೂ, ಅಂದರೆ ನನ್ನ ಅಜ್ಜಿ, ಮೊಮ್ಮಗ ಔಷಧಿ ಕಂಡುಹಿಡಿಯುತ್ತಾನೆಂದು ತನ್ನ ಮಂಡಿನೋವನ್ನು ಡಾಕ್ಟರಿಗೆ ತೋರಿಸದೆ ನನಗಾಗಿ ಕಾದಿರಿಸಿದ್ದಳು. ನನ್ನ ಬುದ್ಧಿವಂತಿಕೆಯ ಗುಟ್ಟು ಬಹಳ ಸರಳವಾಗಿತ್ತು. ಅರ್ಥವಾಗದ್ದನ್ನು ಅರ್ಥವಾದುದಕ್ಕಿಂತ ಬೇಗ ಬಾಯಿಪಾಠ ಮಾಡಬಲ್ಲೆ. ಅರ್ಥವಾಗುವ ವಿಷಯದಲ್ಲಿ ಒಂದು ತೊಂದರೆ ಇದೆ. ನಡುವೆ ನಿಂತು ಯೋಚಿಸಬೇಕಾಗುತ್ತದೆ. ನಾನು ಅಂಥ ಅಡ್ಡಿಗಳಿಲ್ಲದೆ ಪುಟದಿಂದ ಪುಟಕ್ಕೆ ಸಾಗುತ್ತಿದ್ದೆ.

ಗಿರಿಜಾ ಮಿಸ್ ಪಾಠ ಮಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಬೈಯುತ್ತಿದ್ದುದು ತಮಿಳಿನಲ್ಲಿ, ಅರ್ಥ ಮಾಡಿಸುತ್ತಿದ್ದುದು ನಮ್ಮ ನೀಲಗಿರಿಯ ಬಡಗ ಮಾತಿನಲ್ಲಿ. ಕ್ಲಾಸಿನಲ್ಲಿ ತಮಿಳು ಮನೆಮಾತಿನವರು, ಗೂಡಲೂರು ಕಡೆಯ ಮಲಯಾಳದವರು ಎಲ್ಲ ಇದ್ದರು. ನಮ್ಮ ಮಾತಿನವರು ಕೆಲವರೇ. ಆದ್ದರಿಂದ ಮಿಸ್ ಇದ್ದಕ್ಕಿದ್ದಂತೆ ಬಡಗದಲ್ಲಿ ಮಾತಾಡತೊಡಗಿದರೆ ಇಡೀ ಕ್ಲಾಸಿಗೆ ಒಂದು ವಿಷಯ ತಿಳಿಯುತ್ತಿತ್ತು: ನಮ್ಮ ಪೈಕಿ ಯಾರೋ ಒಬ್ಬನಿಗೆ ಎರಡು ಭಾಷೆಗಳಲ್ಲಿ ಹೇಳಿದ್ದೂ ತಲೆಗೆ ಹೋಗಿಲ್ಲ. ಆ ಒಬ್ಬ ಸಾಮಾನ್ಯವಾಗಿ ನಾನೇ. ಅವರ ಮಾತನ್ನು ಓದುವವರಿಗೆ ತಿಳಿಯಲೆಂದು ಇಲ್ಲಿ ಸ್ವಲ್ಪ ತಿದ್ದಿ ಬರೆಯುತ್ತಿದ್ದೇನೆ. ಅವರಿದ್ದಿದ್ದರೆ ಒಪ್ಪುತ್ತಿರಲಿಲ್ಲ.

ನಮ್ಮ ಹೆಸರುಗಳನ್ನು ನೆನಪಿಡುವ ಗೋಜಿಗೂ ಅವರು ಹೋಗುತ್ತಿರಲಿಲ್ಲ. ಯಾರು ಯಾವ ಊರಿನಿಂದ ಬರುತ್ತಾರೋ ಅದೇ ಅವರ ಹೆಸರು. ಹಾಜರಿ ಕರೆಯುವಾಗ ನಕಾಶೆ ಓದಿದ ಹಾಗಿರುತ್ತಿತ್ತು. ಮಸಿನಗುಡಿ ಎದ್ದು ನಿಲ್ಲುತ್ತಿತ್ತು, ಕೇತ್ತಿ ಆಕಳಿಸುತ್ತಿತ್ತು, ಕಟ್ಟಬೆಟ್ಟು ತಡವಾಗಿ ಬರುತ್ತಿತ್ತು. ನಾನು ಹುಬ್ಬತಲೈ.

ರಾಸಾಯನಿಕ ಸಮತೋಲನದ ಪಾಠ ಶುರುವಾದ ದಿನ ಮಿಸ್ ಹಲಗೆಯ ಮೇಲೆ ಒಂದು ಸಮೀಕರಣ ಬರೆದರು. ಇಷ್ಟು ದಿನ ನಾವು ನೋಡಿದ್ದ ಸಮೀಕರಣಗಳಲ್ಲಿ ಒಂದೇ ಬಾಣ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಇದರಲ್ಲಿ ಎರಡು ಬಾಣಗಳಿದ್ದವು, ಒಂದು ಹೋಗುವುದು, ಒಂದು ಬರುವುದು. ಸಮತೋಲನಕ್ಕೆ ಬಂದ ಮೇಲೆ ಆ ಪಾತ್ರೆಯೊಳಗೆ ಏನಾಗುತ್ತದೆ ಎಂದು ಕೇಳಿದರು. ಹಿಂದಿನ ಸಂಜೆಯೇ ಪಾಠವನ್ನು ಬಾಯಿಪಾಠ ಮಾಡಿ ಬಂದಿದ್ದ ನಾನು ಎದ್ದು ನಿಂತೆ. ನಿಯಮ ಹೇಳಿದೆ. ನಿಯಮ ಕಂಡುಹಿಡಿದ ಫ್ರೆಂಚ್ ಪಂಡಿತನ ಹೆಸರನ್ನೂ ಹೇಳಿದೆ. ಆ ಹೆಸರನ್ನು ಬರೆಯುವುದು ಒಂದು ರೀತಿ, ಓದುವುದು ಇನ್ನೊಂದು ರೀತಿ ಎಂದು ನನಗೆ ಗೊತ್ತಿರಲಿಲ್ಲ. ಒಂದು ಅಕ್ಷರವನ್ನೂ ಬಿಡದೆ ಉಚ್ಚರಿಸಿದೆ. ಮಿಸ್ ಕಣ್ಣು ಮುಚ್ಚಿಕೊಂಡರು.

"ಅದಿರಲಿ. ಏನಾಗುತ್ತೆ ಅಂತ ಹೇಳು" ಎಂದರು.

"ಕ್ರಿಯೆ ನಿಂತುಹೋಗುತ್ತೆ ಮಿಸ್."

"ನಿಂತುಹೋಗುತ್ತೆ ಅಂತ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲೂ ಹಾಗಿರಲಿಲ್ಲ. ಪ್ರಮಾಣ ಬದಲಾಗುವುದಿಲ್ಲ ಎಂದಿತ್ತು. ಬದಲಾಗುವುದಿಲ್ಲವೆಂದ ಮೇಲೆ ನಿಂತಿರಲೇಬೇಕಲ್ಲ ಎಂಬುದು ನನ್ನ ಸ್ವಂತ ಸಂಶೋಧನೆ, ಆ ವರ್ಷ ನಾನು ಮಾಡಿದ ಒಂದೇ ಒಂದು ಯೋಚನೆ. ಅದೂ ತಪ್ಪಾಗಿತ್ತು. ಮಿಸ್ ಇಂಗ್ಲಿಷಿನಲ್ಲಿ ವಿವರಿಸಿದರು. ಹೋಗುವುದೂ ನಿಲ್ಲುವುದಿಲ್ಲ, ಬರುವುದೂ ನಿಲ್ಲುವುದಿಲ್ಲ, ಎರಡರ ವೇಗ ಒಂದೇ ಆಗುತ್ತದೆ, ಅಷ್ಟೆ. ಆಮೇಲೆ ತಮಿಳಿನಲ್ಲಿ ಅದನ್ನೇ ಸ್ವಲ್ಪ ಜೋರಾಗಿ ಹೇಳಿದರು. ಆಮೇಲೆ ನನ್ನ ಮುಖ ನೋಡಿ ಬಡಗಕ್ಕೆ ಇಳಿದರು. ಮಸಿನಗುಡಿಯ ಹುಡುಗ ಪಕ್ಕದವನನ್ನು ಮೊಣಕೈಯಲ್ಲಿ ತಿವಿಯುವುದು ನನಗೆ ಕಾಣಿಸಿತು. ನಾನು ಅರ್ಥವಾಯಿತೆಂದು ತಲೆಯಾಡಿಸಿದೆ. ಯಾರಾದರೂ ವಿವರಿಸುವುದನ್ನು ನಿಲ್ಲಿಸಬೇಕಾದರೆ ತಲೆಯಾಡಿಸಬೇಕೆಂದು ಅಷ್ಟು ಹೊತ್ತಿಗೆ ಕಲಿತಿದ್ದೆ.

ಮುಂದಿನದು ಲ್ಯಾಬಿನ ಪ್ರಸಂಗ. ಕೋಬಾಲ್ಟ್ ಕ್ಲೋರೈಡಿನ ದ್ರಾವಣಕ್ಕೆ ಆಸಿಡ್ ಬೆರೆಸಿ ಕೊಟ್ಟಿದ್ದರು. ಬಿಸಿ ಮಾಡಿದರೆ ನೀಲಿಯಾಗುತ್ತದೆ, ತಣ್ಣಗೆ ಮಾಡಿದರೆ ಗುಲಾಬಿಯಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮತ್ತೆ ನೀಲಿ. ಸಮತೋಲನ ಆಚೀಚೆ ಸರಿಯುವುದನ್ನು ಕಣ್ಣಾರೆ ನೋಡಲೆಂದೇ ಈ ಪ್ರಯೋಗ. ಕೋಣೆಯ ಉಷ್ಣತೆಯಲ್ಲಿ ಬಣ್ಣ ನೇರಳೆ ಎಂದು ಪುಸ್ತಕ ಹೇಳುತ್ತಿತ್ತು. ನಾನು ಪ್ರಯೋಗ ಶುರು ಮಾಡುವ ಮೊದಲೇ ಫಲಿತಾಂಶ ಬರೆದು ಮುಗಿಸಿ, ಉಳಿದ ಸಮಯದಲ್ಲಿ ಬರ್ನರಿನ ಉರಿಗೆ ಕೈ ಕಾಯಿಸಿಕೊಳ್ಳುತ್ತಿದ್ದೆ. ಆ ಉರಿಯ ಹತ್ತಿರ ಬರಲು ಮಿಸ್‌ಗೆ ಏನಾದರೊಂದು ನೆಪ ಬೇಕಾಗಿರುತ್ತಿತ್ತು. ಬಂದು ನನ್ನ ಪಕ್ಕ ನಿಂತು, ಗವಸಿನ ಕೈಗಳನ್ನು ಚಾಚಿ, ನನ್ನ ಟೆಸ್ಟ್ ಟ್ಯೂಬನ್ನೂ ನಾನು ಬರೆದದ್ದನ್ನೂ ನೋಡಿದರು.

"ಇದು ಯಾವ ಬಣ್ಣ?"

"ನೇರಳೆ ಮಿಸ್."

"ಪುಸ್ತಕ ಮುಚ್ಚಿ ಹೇಳು."

ಮುಚ್ಚಿದೆ. ಟ್ಯೂಬಿನಲ್ಲಿದ್ದುದು ಅಪ್ಪಟ ಗುಲಾಬಿ. ಜನವರಿಯ ಊಟಿ, ಹೊರಗೆ ಹುಲ್ಲಿನ ಮೇಲೆ ಹಿಮ ಬಿದ್ದು ಬೆಳ್ಳಗಾಗಿತ್ತು. ಬೇರೆ ಯಾವ ಬಣ್ಣ ಇರಲು ಸಾಧ್ಯ?

"ಪುಸ್ತಕ ಬರೆದವನ ಕೋಣೆ ಬೇರೆ, ನಿನ್ನ ಕೋಣೆ ಬೇರೆ. ನಿನ್ನ ಕೋಣೆಯಲ್ಲಿ ಏನಿದೆಯೋ ಅದನ್ನ ಬರಿ" ಎಂದರು. ಬೈಯಲಿಲ್ಲ. ಬೈದರೆ ಉರಿ ಬಿಟ್ಟು ಮುಂದಿನ ಮೇಜಿಗೆ ಹೋಗಬೇಕಾಗುತ್ತಿತ್ತೆಂದು ನನ್ನ ಊಹೆ.

ಸೆಮಿಸ್ಟರಿನ ಫಲಿತಾಂಶ ಬಂದಾಗ ಕೆಮಿಸ್ಟ್ರಿಯಲ್ಲಿ ನನಗೆ ಅರಿಯರ್ ಬಿತ್ತು. ನಮ್ಮ ಕಡೆಯ ಕಾಲೇಜುಗಳಲ್ಲಿ ಫೇಲ್ ಎನ್ನುವುದಿಲ್ಲ, ಅರಿಯರ್ ಎನ್ನುತ್ತಾರೆ. ಮತ್ತೆ ಬರೆದು ತೀರಿಸುವ ತನಕ ಅದು ಬೆನ್ನ ಮೇಲೆಯೇ ಇರುತ್ತದೆ. ಎಲೆ ಶೆಡ್ಡಿಗೆ ಅಪ್ಪ ಕೆಲವು ದಿನ ಅವ್ವೆಯನ್ನು ಕಳಿಸಿದ. ಹೆತ್ತೆ ಮಂಡಿಯನ್ನು ಡಾಕ್ಟರಿಗೆ ತೋರಿಸಿದಳು. ಆಮೇಲೆ ಅಪ್ಪ ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದ: ಇನ್ನೊಂದು ಸಲ ಬರೆ, ಆಗಲೂ ಆಗದಿದ್ದರೆ ಮಸಿನಗುಡಿಯಲ್ಲಿ ಮಾಮ ಟೂರಿಸ್ಟ್ ಜೀಪು ಇಟ್ಟಿದ್ದಾನಲ್ಲ, ಅವನ ಹತ್ತಿರ ಡ್ರೈವಿಂಗ್ ಕಲಿತುಕೋ. ಕೆಲಸದಲ್ಲಿ ಅವಮಾನವೇನೂ ಇರಲಿಲ್ಲ. ಆದರೆ ಮಸಿನಗುಡಿಗೆ ಇಳಿಯುವ ಕಲ್ಲಹಟ್ಟಿ ಘಾಟಿಯ ತಿರುವುಗಳಲ್ಲಿ ನಾನು ವಾಂತಿ ಮಾಡದ ತಿರುವು ಒಂದೂ ಇರಲಿಲ್ಲ. ಟೂರಿಸ್ಟುಗಳಿಗೆ ಆನೆ ತೋರಿಸಲು ಹೊರಟ ಡ್ರೈವರನೇ ಜೀಪು ನಿಲ್ಲಿಸಿ ಚರಂಡಿಯ ಕಡೆ ಓಡುವ ದೃಶ್ಯ ನನ್ನ ಕಣ್ಣ ಮುಂದೆ ಬಂತು. ಕೆಮಿಸ್ಟ್ರಿ ಕಲಿಯಲು ನನಗಿದ್ದ ನಿಜವಾದ ಪ್ರೇರಣೆ ಅದೊಂದೇ.

ಮಿಸ್‌ಗೂ ನನಗೂ ಬಸ್ಸು ಒಂದೇ. ಬೆಳಿಗ್ಗೆ ಕೂನೂರು ಬಸ್‌ಸ್ಟಾಂಡಿನಿಂದ ಊಟಿಗೆ ಹೋಗುವ ಸರ್ಕಾರಿ ಬಸ್ಸು. ಅವರು ಮುಂದೆ ಎಂಜಿನ್ನಿನ ಶಾಖ ಬರುವ ಕಡೆ ಕೂರುತ್ತಿದ್ದರು. ನಾನು ಅವರ ಕಣ್ಣಿಗೆ ಬೀಳದಂತೆ ಹಿಂದಿನ ಬಾಗಿಲಿನಿಂದ ಹತ್ತಿ, ಯಾರದಾದರೂ ದಪ್ಪ ಬೆನ್ನಿನ ಮರೆಯಲ್ಲಿ ನಿಲ್ಲುತ್ತಿದ್ದೆ. ಫಲಿತಾಂಶ ಬಂದ ಮಾರನೆಯ ದಿನ ಕಂಡಕ್ಟರ್ ನೇರ ನನ್ನ ಹತ್ತಿರ ಬಂದು, ಮುಂದೆ ನಿನಗೆ ಸೀಟು ಹಿಡಿದಿದ್ದಾರೆ, ಹೋಗು ಎಂದ. ಮಿಸ್ ಪಕ್ಕದ ಸೀಟಿನ ಮೇಲೆ ತಮ್ಮ ಕೈಚೀಲ ಇಟ್ಟಿದ್ದರು. ನಾನು ಹತ್ತಿರ ಹೋದಾಗ ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ನಾಳೆಯಿಂದ ಇಲ್ಲೇ ಕೂರು. ಹಿಂದೆ ನಿಂತರೆ ನನಗೆ ಕಾಣೋದಿಲ್ಲ ಅಂತ ತಿಳಿದಿದ್ದೀಯಾ? ಡ್ರೈವರನ ಕನ್ನಡಿಯಲ್ಲಿ ದಿನಾ ಕಾಣುತ್ತೀ."

ಹೀಗೆ ನನ್ನ ಬಸ್ ವಿದ್ಯಾಭ್ಯಾಸ ಶುರುವಾಯಿತು. ಅವರಿಗೆ ಸಣ್ಣ ಧ್ವನಿಯಲ್ಲಿ ಮಾತಾಡಿ ಅಭ್ಯಾಸವಿರಲಿಲ್ಲ. ಎಂಜಿನ್ನಿನ ಸದ್ದನ್ನು ಮೀರಿಸಿ ಪ್ರಶ್ನೆ ಕೇಳುತ್ತಿದ್ದರು. ನಾನು ತಪ್ಪು ಉತ್ತರ ಹೇಳಿದರೆ ಬಸ್ಸಿನಲ್ಲಿ ಅರ್ಧ ಜನ ತಿರುಗಿ ನೋಡುತ್ತಿದ್ದರು. ಸರಿಯಾದ ಉತ್ತರ ಯಾವುದೆಂದು ಅವರಿಗೂ ಗೊತ್ತಿರಲಿಲ್ಲ, ಆದರೆ ನಾನು ಹೇಳಿದ್ದು ಅದಲ್ಲ ಎಂಬುದು ಮಿಸ್ ಮುಖದಿಂದ ಗೊತ್ತಾಗುತ್ತಿತ್ತು. ಅರುವಂಕಾಡಿನಲ್ಲಿ ಹತ್ತುವ ಒಬ್ಬ ಹೆಂಗಸು ದಿನವೂ ನನ್ನನ್ನು ಕನಿಕರದಿಂದ ನೋಡಿ, ಒಂದು ದಿನ ತನ್ನ ಡಬ್ಬಿಯಿಂದ ಒಂದು ಇಡ್ಲಿ ಕೊಟ್ಟಳು.

ನನಗೆ ಸಮತೋಲನ ಅರ್ಥವಾದ ದಿನ ನೆನಪಿದೆ. ಬಸ್ಸು ತುಂಬಿತ್ತು. ವೆಲ್ಲಿಂಗ್ಟನ್ ದಾಟಿದ ಮೇಲೆ ಮಿಸ್ ಪುಸ್ತಕ ತೆಗೆಸದೆ, ಬಸ್ಸು ಹೇಗಿದೆ ನೋಡು ಎಂದರು. ತುಂಬಿದೆ ಎಂದೆ. ಅರುವಂಕಾಡಿನಲ್ಲಿ ಒಂದಷ್ಟು ಜನ ಇಳಿದರು, ಸುಮಾರು ಅಷ್ಟೇ ಜನ ಹತ್ತಿದರು. ಬಸ್ಸು ಮತ್ತೆ ಹೊರಟಿತು.

"ಈಗ ಹೇಗಿದೆ?"

"ಹಾಗೇ ಇದೆ ಮಿಸ್."

"ಏನೂ ಆಗಲಿಲ್ಲ, ಅಲ್ಲವಾ?"

"ಇಲ್ಲೆ ಮಿಸ್, ಏನೂ ಆಗಲಿಲ್ಲ."

ಅಷ್ಟರಲ್ಲಿ ತಿರುವು ಬಂದು, ನಮ್ಮ ಸೀಟಿನ ಪಕ್ಕ ನಿಂತಿದ್ದ ಧಡೂತಿ ಮನುಷ್ಯರೊಬ್ಬರು ವಾಲಿ ನನ್ನ ಕಾಲನ್ನು ತುಳಿದರು. ಬೂಟು ಹಾಕಿದ್ದರು. ನನ್ನ ಬಾಯಿಂದ ಅವ್ವೇ ಎಂಬ ಶಬ್ದ ಹೊರಟಿತು. ಮಿಸ್ ಆ ಮನುಷ್ಯರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಇವರು ಎಲ್ಲಿ ಹತ್ತಿದರು?"

"ಈಗ... ಅರುವಂಕಾಡಿನಲ್ಲಿ."

"ಮತ್ತೆ ಏನೂ ಆಗಲಿಲ್ಲ ಅಂದೆ?"

ನಾನು ಕಾಲು ಹಿಡಿದುಕೊಂಡು ಸುತ್ತ ನೋಡಿದೆ. ಬಸ್ಸು ಮೊದಲಿನಷ್ಟೇ ತುಂಬಿತ್ತು. ಆದರೆ ಒಂದೊಂದು ಮುಖವಾಗಿ ನೋಡಿದರೆ ಅರ್ಧ ಬಸ್ಸು ಹೊಸದು. ಕಿಟಕಿ ಪಕ್ಕ ಮಲಗಿದ್ದ ಮುದುಕ ಇರಲಿಲ್ಲ, ಅಲ್ಲೊಬ್ಬಳು ಶಾಲೆಯ ಹುಡುಗಿ. ಕಂಬಿ ಹಿಡಿದಿದ್ದ ಕೈಗಳು ಬೇರೆ. ಎಲ್ಲನಹಳ್ಳಿಯಲ್ಲಿ ಮತ್ತೆ ಇಳಿದರು, ಮತ್ತೆ ಹತ್ತಿದರು, ಬಸ್ಸು ಅಷ್ಟೇ ತುಂಬಿಕೊಂಡು ಹೋಯಿತು. ನಿಂತಿಲ್ಲ. ಏನೂ ನಿಂತಿಲ್ಲ. ಹಲಗೆಯ ಮೇಲಿನ ಎರಡು ಬಾಣಗಳು ಆವರೆಗೆ ನನ್ನ ಪಾಲಿಗೆ ಬರಿ ಗೆರೆಗಳಾಗಿದ್ದವು. ಆ ದಿನ ಮೊದಲ ಸಲ ಅವು ಓಡಾಡಿದವು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಾಲು ತುಳಿದವರಿಗೆ ಥ್ಯಾಂಕ್ಸ್ ಹೇಳಿದೆ. ಅವರು ಅದನ್ನು ಕುಹಕವೆಂದು ತಿಳಿದು, ಕ್ಷಮೆ ಕೇಳಬೇಕೆಂದಿದ್ದವರು ಮುಖ ತಿರುಗಿಸಿಕೊಂಡರು.

ಆಮೇಲೆ ಉಳಿದ ಪಾಠಗಳೂ ಬಸ್ಸಿನಲ್ಲೇ ಆದವು. ಸಮತೋಲನದ ಮೇಲೆ ಹೊರಗಿನಿಂದ ಒತ್ತಡ ಹಾಕಿದರೆ, ಅದು ಆ ಒತ್ತಡ ತಗ್ಗುವ ಕಡೆಗೆ ಸರಿಯುತ್ತದೆ ಎಂಬುದನ್ನು ಕೇತ್ತಿಯಲ್ಲಿ ಒಂದು ಮದುವೆಯ ದಿಬ್ಬಣವೇ ಹತ್ತಿದ ದಿನ ಕಲಿತೆ. ಉಸಿರಾಡಲು ಜಾಗವಿಲ್ಲದೆ, ಮುಂದಿನ ಸ್ಟಾಪಿನಲ್ಲಿ ಇಳಿಯಬೇಕಾಗಿಲ್ಲದವರೂ ಇಳಿದು ಹಿಂದೆ ಬರುವ ಬಸ್ಸಿಗೆ ಕಾದರು. ಕಂಡಕ್ಟರ್‌ಗೂ ವಿಷಯ ಹಿಡಿಸಿತ್ತು. "ಮಿಸ್, ಇವತ್ತು ಪ್ರೆಷರ್ ಜಾಸ್ತಿ" ಎಂದು ಹಿಂದಿನಿಂದಲೇ ಕೂಗಿ ಹೇಳುತ್ತಿದ್ದ.

ಮರುಪರೀಕ್ಷೆಯ ದಿನ ಜೋರು ಮಳೆ. ಎಲ್ಲನಹಳ್ಳಿಗೆ ಬರುವ ಮೊದಲೇ ರಸ್ತೆಗೆ ಅಡ್ಡವಾಗಿ ಒಂದು ನೀಲಗಿರಿ ಮರ ಬಿದ್ದು, ಬಸ್ಸುಗಳೆಲ್ಲ ಸಾಲಾಗಿ ನಿಂತುಬಿಟ್ಟವು. ಮಿಸ್‌ಗೆ ಆ ದಿನ ಕಾಲೇಜಿನಲ್ಲಿ ಕೆಲಸವಿರಲಿಲ್ಲ. ದಾರಿಯಲ್ಲಿ ಒಂದು ಸಲ ಓದಿಸಿಬಿಡೋಣವೆಂದೇ ಬಂದಿದ್ದರು. ನಾನು, ಇದು ದೇವರ ಇಚ್ಛೆ, ಇನ್ನು ಜೀಪೇ ಗತಿ ಎಂದು ಮನಸ್ಸಿನಲ್ಲಿ ಕಲ್ಲಹಟ್ಟಿಯ ತಿರುವುಗಳಿಗೆ ನಮಸ್ಕಾರ ಮಾಡುತ್ತಿದ್ದೆ. ಮಿಸ್ ಎದ್ದು ಬಸ್ಸಿನಿಂದ ಇಳಿದರು. ನಾನೂ ಇಳಿದೆ. ಮರದ ಕೊಂಬೆಗಳ ಕೆಳಗೆ ಬಗ್ಗಿ ದಾಟಿದೆವು. ಚಳಿಗೆ ಹಲ್ಲು ಕಟಕಟಿಸುತ್ತಿದ್ದರೂ ಅವರು ನಡೆಯುತ್ತಲೇ ಇದ್ದರು. ಮರದ ಆಚೆ ದಾರಿ ಸಿಗದೆ ಒಂದು ಪಿಕಪ್ ಗಾಡಿ ಊಟಿಯ ಕಡೆಗೆ ಹಿಂತಿರುಗುತ್ತಿತ್ತು. ಹಿಂದೆ ಹಸಿ ಟೀ ಎಲೆಯ ಮೂಟೆಗಳು. ಮುಂದೆ ಕೂರಲು ಜಾಗವಿರಲಿಲ್ಲ. ಮಿಸ್ ಡ್ರೈವರನ ಹತ್ತಿರ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ತಿರುಗಿ ನನಗೆ ಹತ್ತು ಎಂದರು. ಅವರು ಇಲ್ಲಿಂದಲೇ ಮನೆಗೆ ಹೋಗುತ್ತಾರೆಂದು ನಾನು ತಿಳಿದಿದ್ದೆ. ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು, ಚಕ್ರದ ಮೇಲೆ ಕಾಲಿಟ್ಟು ಅವರೂ ಹತ್ತಿದರು.

ಟಾರ್ಪಾಲಿನ ಒಂದು ತುದಿಯನ್ನು ಅವರು ಹಿಡಿದರು, ಇನ್ನೊಂದನ್ನು ನಾನು ಹಿಡಿದೆ. ಎಲೆ ಮೂಟೆಗಳ ಮೇಲೆ ಒದ್ದೆಯಾಗಿ ಕೂತು, ಪ್ರತಿ ಹಳ್ಳಕ್ಕೂ ಎಗರುತ್ತ ಊಟಿಯ ತನಕ ಹೋದೆವು. ಮಾತಾಡಲು ಆಗುತ್ತಿರಲಿಲ್ಲ, ಗಾಳಿ ಅಷ್ಟಿತ್ತು. ಆದರೂ ಅವರು ಕೈ ಸನ್ನೆಯಲ್ಲೇ ಹೋಗುವ ಬಾಣ, ಬರುವ ಬಾಣ ತೋರಿಸುತ್ತಿದ್ದರು. ಹಿಂದೆ ಬರುತ್ತಿದ್ದ ಕಾರಿನವರು, ದಾರಿ ಬಿಡುತ್ತಿದ್ದಾರೆಂದು ತಿಳಿದು ಹಾರ್ನ್ ಹೊಡೆದು ಮುಂದೆ ಹೋದರು.

ಕಾಲೇಜಿನ ಗೇಟಿನಲ್ಲಿ ನನ್ನ ತಲೆಯಿಂದ ಒಂದು ಎಲೆ ತೆಗೆದು, "ತಿಳಿದದ್ದನ್ನ ಬರಿ. ತಿಳಿಯದ್ದನ್ನ ಬರೀಬೇಡ" ಎಂದರು.

ಈ ಉಪದೇಶವನ್ನು ನಾನು ಅಕ್ಷರಶಃ ಪಾಲಿಸಿದ್ದೇ ತೊಂದರೆಯಾಯಿತು. ಪ್ರಶ್ನೆಪತ್ರಿಕೆಯಲ್ಲಿ ಸಮತೋಲನದ ಮೇಲೆ ಇದ್ದುದು ಒಂದೇ ಒಂದು ಸಣ್ಣ ಪ್ರಶ್ನೆ, ಎರಡು ಮಾರ್ಕಿನದು. ಸಮತೋಲನ ಎಂದರೇನು ಎಂದು ಎರಡು ಸಾಲಿನಲ್ಲಿ ಹೇಳಿದರೆ ಮುಗಿಯುತ್ತಿತ್ತು. ಜೀವನದಲ್ಲಿ ಮೊದಲ ಸಲ ಏನೋ ಒಂದು ತಿಳಿದಿದ್ದ ನಾನು ಪುಟಗಟ್ಟಲೆ ಬರೆದೆ. ಬಸ್ಸಿನ ಚಿತ್ರ ಬಿಡಿಸಿದೆ. ಸ್ಟಾಪುಗಳ ಹೆಸರು ಬರೆದೆ. ಉಳಿದ ಪ್ರಶ್ನೆಗಳಿಗೆ ಸಮಯ ಸಾಲದೆ ಓಡಿಸಿ ಮುಗಿಸಿದೆ. ಪಾಸಾದೆ, ಆದರೆ ಕೂದಲೆಳೆಯಲ್ಲಿ. ನನ್ನ ಉತ್ತರ ನೋಡಿದವರು ಯಾರೋ, ಅವರಿಗೆ ನಮ್ಮ ದಾರಿಯ ಬಸ್ಸಿನ ಪರಿಚಯವಿದ್ದಿರಬೇಕು.

ಇದನ್ನೆಲ್ಲ ಮಿಸ್‌ಗೆ ಹೇಳಿದಾಗ ಬಸ್ಸು ವೆಲ್ಲಿಂಗ್ಟನ್ ಹತ್ತಿರವಿತ್ತು.

"ಕಾಲು ತುಳಿದದ್ದನ್ನೂ ಬರೆದೆಯಾ?"

"ಬರೆದೆ ಮಿಸ್. ಇಂಗ್ಲಿಷಿನಲ್ಲೇ."

ಅವರು ಕಿಟಕಿಯ ಕಡೆ ತಿರುಗಿದರು. ಬಹಳ ಹೊತ್ತು ತಿರುಗಲೇ ಇಲ್ಲ. ಶಾಲು ನಡುಗುತ್ತಿತ್ತು. ಚಳಿಯೆಂದು ತಿಳಿದು ನಾನು ಕಿಟಕಿಯ ಗಾಜು ಎಳೆಯಲು ಹೋದೆ. ಆಗ ಗೊತ್ತಾಯಿತು, ಅವರು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಕೊನೆಯ ವರ್ಷದಲ್ಲಿದ್ದಾಗ ಕಾಲೇಜಿಗೆ ಕಾಯಂ ಲೆಕ್ಚರರ್ ಒಬ್ಬರು ಬಂದರು. ಗಿರಿಜಾ ಮಿಸ್ ಅಷ್ಟು ವರ್ಷವೂ ಗೆಸ್ಟ್ ಲೆಕ್ಚರರ್ ಆಗಿದ್ದರೆಂಬುದು ಆಗಲೇ ನನಗೆ ತಿಳಿದದ್ದು. ಅವರು ಗೆಸ್ಟ್ ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ. ನಾವೇ ಅವರ ಮನೆಗೆ ಬಂದ ಗೆಸ್ಟುಗಳ ಹಾಗಿದ್ದೆವು. ಒಂದು ಶುಕ್ರವಾರ ಸಂಜೆ ಕೂನೂರಿನಲ್ಲಿ ಇಳಿಯುವಾಗ, ಸೋಮವಾರದಿಂದ ನೀನೇ ಕಿಟಕಿ ಪಕ್ಕ ಕೂತುಕೋ ಎಂದರು. ನನಗೆ ಅರ್ಥವಾಗಲಿಲ್ಲ. ಕಿಟಕಿ ಸೀಟು ಸಿಕ್ಕಿತೆಂದು ಖುಷಿಪಟ್ಟೆ. ಸೋಮವಾರ ಕಂಡಕ್ಟರ್ ಎರಡು ಸಲ ಸೀಟಿ ಊದಿ, ಬಸ್‌ಸ್ಟಾಂಡಿನ ಕಡೆ ನೋಡಿ, ಕೊನೆಗೆ ನನ್ನನ್ನು ನೋಡಿದ. ಆಮೇಲೆ ಬಸ್ಸು ಬಿಟ್ಟರು.

ಬಿ.ಎಡ್. ಮುಗಿಸಿ ಕಟ್ಟಬೆಟ್ಟಿನ ಕಡೆ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದ ಮೇಲೆ, ಸಿಹಿ ಹಿಡಿದುಕೊಂಡು ಅವರ ಮನೆ ಹುಡುಕಿಕೊಂಡು ಹೋದೆ. ಕೂನೂರಿನ ಮೇಲ್ಗಡೆ, ಮೆಟ್ಟಿಲು ಹತ್ತಿ ಹೋಗುವ ಸಣ್ಣ ಮನೆ. ವೀರಶೈವರ ಹಳೆಯ ಮನೆತನ. ಬಾಗಿಲಿಗೆ ವಿಭೂತಿಯ ಮೂರು ಗೆರೆ. ಅವರ ಅವ್ವೆ ತೀರಿಕೊಂಡಿದ್ದರು, ಒಬ್ಬಳೇ ತಂಗಿ ಮದುವೆಯಾಗಿ ಗೂಡಲೂರಿನಲ್ಲಿದ್ದಳು. ಮಿಸ್ ಒಬ್ಬರೇ ಇದ್ದು, ಸಂಜೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ನನ್ನನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂರಿಸಿದರು. ಹೊಸ ಕೆಲಸದ ಬಗ್ಗೆ ಕೇಳಿದರು, ಹೆತ್ತೆಯ ಮಂಡಿಯ ಬಗ್ಗೆ ಕೇಳಿದರು. ಆಮೇಲೆ ಸಮತೋಲನವನ್ನು ಹೇಗೆ ಹೇಳಿಕೊಡುತ್ತೀ ಎಂದರು.

ಈ ಪ್ರಶ್ನೆಗೆ ಕಾದಿದ್ದವನ ಹಾಗೆ ಶುರು ಮಾಡಿದೆ. ಬಸ್ಸು, ಇಳಿಯುವವರು, ಹತ್ತುವವರು, ಕಾಲು. ಅವರ ಮಾತನ್ನು ಅವರ ಧಾಟಿಯಲ್ಲೇ ಒಪ್ಪಿಸಿದೆ. ಹೊಗಳುತ್ತಾರೆಂದು ನೋಡಿದರೆ ಅವರು ಒಲೆಯ ಉರಿ ಸಣ್ಣ ಮಾಡುತ್ತಿದ್ದರು.

"ನಿನ್ನ ಮಕ್ಕಳು ಬಸ್ಸಲ್ಲಿ ಬರುತ್ತಾರಾ?"

ನಾನು ಯೋಚಿಸಿದೆ. ಎಲ್ಲರೂ ಅಕ್ಕಪಕ್ಕದ ಹಟ್ಟಿಗಳಿಂದ ತೋಟದ ಕಾಲುದಾರಿಯಲ್ಲಿ ನಡೆದು ಬರುವವರು. ಇಲ್ಲೆ, ಬಸ್ಸಲ್ಲಿ ಬರುವುದಿಲ್ಲ ಎಂದೆ.

"ಮತ್ತೆ ನನ್ನ ಬಸ್ಸನ್ನ ಅಲ್ಲಿ ಯಾಕೆ ಓಡಿಸುತ್ತೀ? ಅವರಿಗೆ ಏನು ಗೊತ್ತೋ ಅದರಲ್ಲಿ ಹೇಳು. ಏನು ಗೊತ್ತು ಅಂತ ಅವರನ್ನೇ ಕೇಳು."

ಇಷ್ಟು ವರ್ಷಗಳ ನಂತರವೂ ನಾನು ಮಾಡುತ್ತಿದ್ದುದು ಬಾಯಿಪಾಠವೇ. ಪುಸ್ತಕದ ಬದಲು ಗಿರಿಜಾ ಮಿಸ್ ಅವರನ್ನು ಬಾಯಿಪಾಠ ಮಾಡಿದ್ದೆ, ಅಷ್ಟೆ ವ್ಯತ್ಯಾಸ. ಹೊರಡುವಾಗ ಅವರು ಮೆಟ್ಟಿಲ ತನಕ ಬಂದು, ಕೆಳಗೆ ಪಾಚಿ ಕಟ್ಟಿದೆ, ನೋಡಿ ಇಳಿ ಎಂದರು. ನಾನು ನೋಡಿಕೊಂಡು ಇಳಿದೆ. ತಿರುಗಿ ಅವರನ್ನು ನೋಡಲಿಲ್ಲ.

ಮುಂದಿನ ವರ್ಷ ಆ ಪಾಠ ಬಂದಾಗ ಬಸ್ಸು ಬಿಟ್ಟೆ. ಹೋಗುವುದೂ ಬರುವುದೂ ನಡೆಯುತ್ತಲೇ ಇದ್ದು, ಆದರೂ ಹಾಗೇ ಇರುವಂಥದ್ದು ನಿಮಗೇನು ಗೊತ್ತು ಎಂದು ಮಕ್ಕಳನ್ನೇ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು.

"ಸಾರ್, ನಮ್ಮಕ್ಕ ಮದುವೆಯಾಗಿ ಆಚೆ ಹಟ್ಟಿಗೆ ಹೋದಳು. ಆ ಹಟ್ಟಿಯಿಂದ ಅಣ್ಣನಿಗೆ ಹೆಣ್ಣು ತಂದೆವು. ಮನೆಯಲ್ಲಿ ಅಷ್ಟೇ ಜನ ಸಾರ್. ಸಾಂಬಾರು ಮಾತ್ರ ಬೇರೆ."

ಇಡೀ ಕ್ಲಾಸು ನಕ್ಕಿತು, ಇಡೀ ಕ್ಲಾಸಿಗೆ ತಿಳಿಯಿತು. ಇದನ್ನು ಮಿಸ್‌ಗೆ ಹೇಳಲೇಬೇಕೆಂದು ಆ ಶನಿವಾರವೇ ಕೂನೂರಿಗೆ ಹೋದೆ. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆ ತಿರುಗಿ ನಗುವುದನ್ನು ಊಹಿಸಿಕೊಳ್ಳುತ್ತಿದ್ದೆ.

ಬಾಗಿಲು ತೆಗೆದವರು ಅವರ ಹಾಗೆಯೇ ಮೂಗಿದ್ದ ಇನ್ನೊಬ್ಬ ಹೆಂಗಸು. ಗೂಡಲೂರಿನ ತಂಗಿ. ಅಕ್ಕ ಹೋಗಿ ತಿಂಗಳಾಗುತ್ತ ಬಂತು, ನ್ಯುಮೋನಿಯಾ ಎಂದರು. ನಾನು ಆಗಲೇ ಫೋನಿನ ನಂಬರು ಬದಲಿಸಿದ್ದೆ. ಹಳೆಯ ಗೆಳೆಯರ ಗುಂಪಿನಲ್ಲಿ ಬಂದ ಸುದ್ದಿ ನನಗೆ ಮುಟ್ಟಿರಲಿಲ್ಲ. ಅವರು ಮನೆ ಖಾಲಿ ಮಾಡುತ್ತಿದ್ದರು. ಪಾತ್ರೆಗಳನ್ನು ಗೋಣಿಚೀಲಗಳಿಗೆ ತುಂಬಿದ್ದರು. ನನ್ನನ್ನು ಕೂರಿಸಿ ಚಹಾ ಮಾಡಿದರು. ಏನು ಮಾತಾಡಬೇಕೋ ತಿಳಿಯದೆ, ಬಾಯಿಗೆ ಬಂದಿದ್ದ ಒಂದೇ ವಿಷಯವಾದ ಆ ಹುಡುಗಿಯ ಮಾತನ್ನು ಅವರಿಗೇ ಹೇಳಿಬಿಟ್ಟೆ. ಕೆಮಿಸ್ಟ್ರಿಯನ್ನೂ ಸೇರಿಸಿ ಹೇಳಿದೆ. ಸಾವಿನ ಮನೆಯಲ್ಲಿ ಇಂಥ ಮಾತಾಡುವಷ್ಟು ಬುದ್ಧಿ ನನಗೊಬ್ಬನಿಗೇ ಇರಬೇಕು.

ಅವರು ಪೂರ್ತಿ ಕೇಳಿಸಿಕೊಂಡರು.

"ನಾ ಈ ಮನೆಯಿಂದ ಹೋದೆ. ಆಮೇಲೆ ಅವ್ವೆ ಹೋದಳು. ಈ ಕಡೆಗೆ ಯಾರು ಬಂದರು?" ಎಂದರು.

ಕೋಪದಿಂದ ಕೇಳಿದ್ದಲ್ಲ. ನಿಜವಾಗಿಯೂ ಉತ್ತರ ಬೇಕಿದ್ದವರ ಹಾಗೆ ಕೇಳಿದರು. ಈ ಸಲ ತಲೆಯಾಡಿಸುವ ಧೈರ್ಯ ನನಗೆ ಬರಲಿಲ್ಲ. ಹೊರಗೆ ಮೇಟ್ಟುಪಾಳ್ಯಂ ಕಡೆಯಿಂದ ಹತ್ತಿ ಬರುವ ರೈಲು ಕೂಗುವುದು ಕೇಳಿಸುತ್ತಿತ್ತು.

ಅವರು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದರು. ತಾವೇ ಮಾತು ಮುಂದುವರಿಸಿದರು. ಮಣ್ಣು ಮಾಡುವ ದಿನ ಬಂದವರಿಗೆ ಈ ಮೆಟ್ಟಿಲುಗಳ ಮೇಲೆ ನಿಲ್ಲಲೂ ಜಾಗವಿರಲಿಲ್ಲವಂತೆ. ಕೆಳಗಿನ ರಸ್ತೆಯ ತನಕ ಜನ. ಪೊಲೀಸಿನವನೊಬ್ಬ, ನರ್ಸುಗಳು, ಬ್ಯಾಂಕಿನವರು, ತೋಟದವರು, ಒಬ್ಬ ಬಸ್ ಕಂಡಕ್ಟರ್. ಯಾರೆಂದು ಇವರಿಗೆ ಒಬ್ಬರೂ ಗೊತ್ತಿರಲಿಲ್ಲ. ಕೇಳಿದವರೆಲ್ಲ ಒಂದೇ ಮಾತು ಹೇಳಿದರಂತೆ.

"ಬಸ್ಸಲ್ಲಿ ಅವರ ಪಕ್ಕ ಕೂರುತ್ತಿದ್ದುದು ನಾನೇ ಅಂತ. ಎಲ್ಲರೂ ಇದನ್ನೇ ಹೇಳಿದರೆ ನಾ ಯಾರನ್ನ ನಂಬಲಿ? ಪಕ್ಕ ಇದ್ದದ್ದು ಒಂದು ಸೀಟು ತಾನೇ?" ಎಂದು ಅವರು ನನ್ನನ್ನು ನೋಡಿದರು. "ಅದಿರಲಿ, ನೀವು ಅವಳಿಗೆ ಹೇಗೆ ಪರಿಚಯ?"

ನಾನು ಹೇಳಬೇಕೆಂದು ಬಾಯಿ ತೆರೆದಿದ್ದೂ ಅದೇ ವಾಕ್ಯವನ್ನು. ಚಹಾದ ಜೊತೆ ನುಂಗಿಕೊಂಡೆ. ಅವರ ಹತ್ತಿರ ಓದಿದವನು ಎಂದಷ್ಟೇ ಹೇಳಿ, ಪಾತ್ರೆಯ ಚೀಲಗಳನ್ನು ಎತ್ತಿಕೊಂಡು ಮೆಟ್ಟಿಲು ಇಳಿಯತೊಡಗಿದೆ.